ಕರಣೆ ಮುಟ್ಟದ ಕೈಗೆ ಪದವಿ

ಕೆಲವು ವರ್ಷಗಳ ಹಿಂದೆ ವಾಸ್ತುಶಿಲ್ಪ ಕಲಿಸುವ ಕಾಲೇಜೊಂದಕ್ಕೆ ಹೊರಗಿನ ಪರೀಕ್ಷಕನಾಗಿ ಹೋಗುವ ಯೋಗ ನನಗೆ ಒದಗಿತ್ತು. ಕಾಲೇಜಿನ ಹೆಸರು ಬೇಡ. ನಾನು ಹೇಳಲಿರುವ ಮಾತು ಒಂದೇ ಕಾಲೇಜಿಗೆ ಸಲ್ಲುವಂಥದಲ್ಲ. ಕೊನೆಯ ವರ್ಷದ ಹುಡುಗನೊಬ್ಬ ಭೀಮಾ ನದಿಯ ದಂಡೆಯಲ್ಲಿ ಯಾತ್ರಿಕರಿಗಾಗಿ ಕಟ್ಟಬಹುದಾದ ಒಂದು ಭವ್ಯ ವಸತಿಗೃಹದ ನಕ್ಷೆಯನ್ನು ಪರದೆಯ ಮೇಲೆ ತೋರಿಸುತ್ತಿದ್ದ. ಕಲ್ಲಿನ ಗೋಡೆಗಳು, ಕಮಾನುಗಳು, ಅಂಗಳದಲ್ಲಿ ಬೇವಿನ ಮರ, ಮರದ ಕೆಳಗೆ ಇಳಕಲ್ ಸೀರೆಯುಟ್ಟ ಹೆಣ್ಣುಮಗಳು, ಎಲ್ಲವೂ ಇದ್ದುವು. ‘ಈ ಗೋಡೆ ಎಷ್ಟು ದಪ್ಪ? ಏತಕ್ಕೆ ಅಷ್ಟು ದಪ್ಪ? ಇದರ ಹೊಟ್ಟೆಯಲ್ಲಿ ಏನಿದೆ?’ ಎಂದು ಕೇಳಿದೆ. ಆತ ಒಂದು ಗುಂಡಿ ಒತ್ತಿದ. ಗೋಡೆ ಗಿರ್ರನೆ ತಿರುಗಿ ತನ್ನ ಬೆನ್ನು ತೋರಿಸಿತು, ಹೊಟ್ಟೆಯನ್ನು ತೋರಿಸಲಿಲ್ಲ.

ಮಾತಿಗೆ ಮಾತು ಬೆಳೆದು, ಹುಡುಗ ಜೇವರ್ಗಿ ತಾಲ್ಲೂಕಿನ ಹಳ್ಳಿಯವನೆಂದು ತಿಳಿಯಿತು. ಅವನ ಮನೆ ಮಣ್ಣಿನ ಮಾಳಿಗೆಯದು; ಅಜ್ಜ ಕಟ್ಟಿಸಿದ್ದು. ‘ಐದು ವರ್ಷಗಳಲ್ಲಿ ಆ ಮನೆಯನ್ನು ಅಳೆದು ಒಂದು ನಕ್ಷೆಯನ್ನಾದರೂ ಬರೆದೆಯಾ?’ ಎಂದೆ. ‘ಯಾರೂ ಕೇಳಲಿಲ್ಲ, ಸರ್’ ಎಂದ. ಅವನ ಮುಖದಲ್ಲಿ ಆಗ ಕಂಡದ್ದು ನಾಚಿಕೆಯೋ, ಸಿಟ್ಟೋ, ನನಗೆ ಇಂದಿಗೂ ಗೊತ್ತಾಗಿಲ್ಲ. ಅವನಿಗೆ ಒಳ್ಳೆಯ ಅಂಕಗಳನ್ನೇ ಕೊಟ್ಟು ಬಂದೆ. ತಪ್ಪು ಅವನದಾಗಿರಲಿಲ್ಲ.

ಹಾಗಾದರೆ ತಪ್ಪು ಯಾರದು? ಈ ಪ್ರಶ್ನೆಯನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ. ನಿಷ್ಠುರವಾಗಿ ಹೇಳಬೇಕಾದೀತು, ದೊಡ್ಡವರು ಕ್ಷಮಿಸಬೇಕು.

ಕಲಬುರಗಿ ಜಿಲ್ಲೆಯ ಪಡುವಣ ಅಂಚಿನಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಎಂಬ ಮೂರು ತಾಲ್ಲೂಕುಗಳಿವೆ. ರಾಜಧಾನಿಯ ಓದುಗರಿಗೆ ಅಫಜಲಪುರವೆಂದರೆ ದೇವಲ ಗಾಣಗಾಪುರದ ದತ್ತಾತ್ರೇಯನೂ ಭೀಮಾ-ಅಮರ್ಜಾ ಸಂಗಮವೂ ನೆನಪಾದಾವು. ಆಳಂದ, ಜೇವರ್ಗಿಗಳೆಂದರೆ ತೊಗರಿ, ಜೋಳ, ಬಿಸಿಲು, ಇಷ್ಟೆ. ಆದರೆ ಕಟ್ಟುವ ವಿದ್ಯೆಯನ್ನು ಕಲಿಯಬಯಸುವವನಿಗೆ ಈ ಸೀಮೆ ತೆರೆದಿಟ್ಟ ಪುಸ್ತಕ. ಆಳಂದದ ಕಡೆ ಕರಿಕಲ್ಲು. ಜೇವರ್ಗಿಯ ಕಡೆ ಪದರಪದರವಾಗಿ ಏಳುವ, ಶಹಾಬಾದದ ಹೆಸರಿನಲ್ಲಿ ದೇಶವೆಲ್ಲ ಬಲ್ಲ ಸುಣ್ಣದಕಲ್ಲು, ಜನರ ಬಾಯಲ್ಲಿ ಫರಸಿ. ಎಲ್ಲ ಕಡೆಯೂ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಎರೆಭೂಮಿ. ಕಲ್ಲು ಬದಲಾದಂತೆ ಗೋಡೆ ಬದಲಾಗುತ್ತದೆ. ನೆಲ ಕುಣಿದಂತೆ ಬುನಾದಿ ಆಳಕ್ಕೆ ಇಳಿಯುತ್ತದೆ. ಇಲ್ಲಿಯ ಗೌಂಡಿಗಳು ಇದನ್ನು ಯಾವ ಕಾಲೇಜಿಗೂ ಹೋಗದೆ ತಿಳಿದರು.

ಬೇಸಗೆಯಲ್ಲಿ ಪಾದರಸ ನಲವತ್ತು ಡಿಗ್ರಿಯನ್ನು ಸಲೀಸಾಗಿ ದಾಟುವ ನಾಡು ಇದು. ಹಳೆಯ ಮನೆಯೊಳಗೆ ಹೋಗಿ ನೋಡಿ: ಕಂಬ, ತೊಲೆ, ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಕಟ್ಟಿಗೆಯ ಹಾಸು, ಅದರ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಸವುಳು ಮಣ್ಣಿನ ತೆಳುವಾದ ಹೊದಿಕೆ. ಬೆಳೆಗೆ ಶತ್ರುವಾದ ಈ ಸವುಳನ್ನು ಮಾಳಿಗೆಗೆ ಏಕೆ ಹಾಕಿದರು? ಅದರಲ್ಲಿಯ ಕ್ಷಾರ ಮಣ್ಣಿನ ಕಣಗಳನ್ನು ಬಿಡಿಬಿಡಿಯಾಗಿಸುತ್ತದೆ. ನೀರು ಬಿದ್ದೊಡನೆ ಆ ಸಣ್ಣ ಕಣಗಳು ಮಣ್ಣಿನ ರಂಧ್ರಗಳನ್ನು ಮುಚ್ಚಿ, ನೀರು ಒಳಗಿಳಿಯದಂತೆ ಮಾಡುತ್ತವೆ. ಹೊಲವನ್ನು ಕೆಡಿಸುವ ಗುಣವೇ ಮನೆಯನ್ನು ಕಾಯುತ್ತದೆ. ಇದು ರಸಾಯನಶಾಸ್ತ್ರವಲ್ಲದೆ ಮತ್ತೇನು? ಮಧ್ಯಾಹ್ನದ ಬಿಸಿಲು ಆ ದಪ್ಪ ಮಣ್ಣನ್ನು ದಾಟಿ ಒಳಗೆ ಬರುವುದರೊಳಗೆ ಸಂಜೆಯಾಗಿರುತ್ತದೆ. ಆಗ ಮನೆಮಂದಿ ಅಂಗಳದಲ್ಲಿಯೋ ಮಾಳಿಗೆಯ ಮೇಲೋ ಇರುತ್ತಾರೆ.

ನನ್ನದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಇಂಜಿನಿಯರನಾಗಿ ನಾಲ್ಕು ಕಾಸು ಕಂಡ ಮೇಲೆ, ಆಳಂದ ತಾಲ್ಲೂಕಿನ ನಮ್ಮೂರಿನಲ್ಲಿ ಹಳೆಯ ಮಾಳಿಗೆಯ ಒಂದು ಭಾಗವನ್ನು ಕೆಡವಿ, ತಾಯಿಗೆಂದು ಕಾಂಕ್ರೀಟು ಸೂರಿನ ಎರಡು ಕೋಣೆ ಕಟ್ಟಿಸಿದೆ. ನಕ್ಷೆ ನನ್ನದೇ, ಹೆಮ್ಮೆಯೂ ನನ್ನದೇ. ಐದಂಗುಲದ ಆ ಸೂರು ಹಗಲೆಲ್ಲ ಕಾಯ್ದು ರಾತ್ರಿಯೆಲ್ಲ ಉಸಿರು ಬಿಡುತ್ತಿತ್ತು. ಮೊದಲನೆಯ ಬೇಸಗೆಯಲ್ಲಿಯೇ ನನ್ನ ತಾಯಿ ತನ್ನ ಹಾಸಿಗೆಯನ್ನು ಹಳೆಯ ಪಡಸಾಲೆಗೆ ಎಳೆದುಕೊಂಡಳು. ಹೊಸ ಕೋಣೆಯಲ್ಲಿ ತೊಗರಿಯ ಚೀಲಗಳನ್ನು ಇಟ್ಟರು. ‘ಛಲೋ ಕಟ್ಟಿಸೀದಿಪಾ, ಚೀಲಕ್ಕ ಭಾಳ ಅನುಕೂಲ ಆತು’ ಎಂದಳು. ನಾನು ಪಡೆದ ಎಲ್ಲ ಅಂಕಪಟ್ಟಿಗಳಿಗಿಂತ ಆ ಒಂದು ಮಾತು ನನ್ನ ಯೋಗ್ಯತೆಯನ್ನು ಸರಿಯಾಗಿ ಅಳೆಯಿತು.

ಇಷ್ಟು ಹೇಳಿದೊಡನೆ ಒಂದು ಪಕ್ಷದವರು ಚಪ್ಪಾಳೆ ತಟ್ಟಲು ಸಿದ್ಧರಾಗಿರುತ್ತಾರೆ. ‘ನೋಡಿರಿ, ನಮ್ಮ ಪ್ರಾಚೀನರಿಗೆ ಎಲ್ಲವೂ ಗೊತ್ತಿತ್ತು’ ಎನ್ನುವ ಪಕ್ಷ ಅದು. ಅವರು ತುಸು ತಾಳಬೇಕು. ನನ್ನ ಜಗಳ ಮೊದಲು ಅವರೊಡನೆಯೇ.

೧೯೯೩ರ ಸೆಪ್ಟೆಂಬರ್ ೩೦ರ ನಸುಕಿನಲ್ಲಿ, ಜನ ಗಣಪತಿಯನ್ನು ಕಳುಹಿಸಿ ಬಂದು ಮಲಗಿದ್ದಾಗ, ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಆಳಂದದ ಗಡಿಗೆ ಅದು ದೂರದ ಊರಲ್ಲ. ಮಗ್ಗುಲಲ್ಲಿರುವ ಉಮರ್ಗಾ ತಾಲ್ಲೂಕಿನ ಹಳ್ಳಿಗಳೂ ನೆಲಸಮವಾದುವು. ಸರಕಾರಿ ಲೆಕ್ಕದಂತೆಯೇ ಸುಮಾರು ಎಂಟು ಸಾವಿರ ಜನ ಸತ್ತರು. ಅವರನ್ನು ಕೊಂದದ್ದು ಭೂಮಿಯಲ್ಲ, ಮನೆ. ನಾನು ಈಗ ಹೊಗಳಿದ ಇದೇ ಕಲ್ಲುಮಣ್ಣಿನ ಗೋಡೆ, ಇದೇ ತಂಪು ಮಾಳಿಗೆ. ವರ್ಷವರ್ಷವೂ ಸೋರಿದೆಡೆ ಮಣ್ಣು ಹಾಕಿ ಹಾಕಿ ಮಾಳಿಗೆಯ ಭಾರ ಬೆಳೆದಿತ್ತು; ಗೋಡೆಯ ಒಳಮೈ ಹೊರಮೈಗಳು ಬೇರೆಬೇರೆಯಾಗಿ ಸೀಳಿ ಬಿದ್ದುವು; ಮೇಲಿನ ಮಣ್ಣು ಮಲಗಿದ್ದವರ ಮೇಲೆ ಇಳಿಯಿತು. ಪ್ರಾಚೀನರಿಗೆ ಎಲ್ಲವೂ ಗೊತ್ತಿತ್ತು ಎನ್ನುವವರು ಒಮ್ಮೆ ಕಿಲ್ಲಾರಿಗೆ ಹೋಗಿ ಆ ಮಾತನ್ನು ಅಲ್ಲಿಯ ಜನರೆದುರು ಹೇಳಿ ಬರಲಿ.

ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಅದೇ ಊರುಗಳಲ್ಲಿ, ಮಾಳಿಗೆಯ ಭಾರವನ್ನು ಗೋಡೆ ಹೊರದೆ ಮರದ ಕಂಬಗಳು ಹೊತ್ತಿದ್ದ ಕೆಲವು ಮನೆಗಳಲ್ಲಿ, ಗೋಡೆ ಕುಸಿದರೂ ಕಂಬತೊಲೆಗಳು ನಿಂತೇ ಇದ್ದುವು. ಹಾಗಾದರೆ ಸತ್ತದ್ದು ಪರಂಪರೆಯೆ, ಉಳಿದದ್ದು ಪರಂಪರೆಯೆ? ಎರಡೂ ಪರಂಪರೆಯೇ. ಒಂದು ಅರಿತು ಕಟ್ಟಿದ್ದು, ಮತ್ತೊಂದು ಅರಿವು ಮರೆತು ಕಟ್ಟಿದ್ದು.

ಇದನ್ನು ನನಗೆ ತಿಳಿಸಿದವರು ಪ್ರಾಧ್ಯಾಪಕರಲ್ಲ, ಅಫಜಲಪುರದ ಕಡೆಯ ಒಬ್ಬ ಮುದಿ ಗೌಂಡಿ. ಹಳೆಯ ವಾಡೆಯೊಂದರ ಬಿದ್ದ ಗೋಡೆಯ ಮುಂದೆ ನಿಂತು, ‘ಮುತ್ಯಾ, ಇಷ್ಟು ದಪ್ಪನ ಗೋಡೆ ಹೇಗೆ ಸೀಳಿತು?’ ಎಂದು ಕೇಳಿದೆ. ಆತ ನಕ್ಕ. ‘ಸಾಹೇಬ್ರ, ಗ್ವಾಡಿ ಅಂದ್ರ ಒಂದಲ್ರಿ, ಎರಡ ಇರ್ತಾವ. ಒಳಗಿಂದೊಂದು, ಹೊರಗಿಂದೊಂದು. ಅಣ್ಣತಮ್ಮರಿದ್ದಂಗ. ನಡನಡಕ ಉದ್ದಗಲ್ಲ ಹಾಕಿ ಕೈ ಹಿಡಿಸ್ಲಿಲ್ಲಂದ್ರ ಒಂದಿನ ಬ್ಯಾರೆ ಆಗೇ ಆಗ್ತಾವ’ ಎಂದ.

ಗೋಡೆಯ ಈ ಮೈಯಿಂದ ಆ ಮೈಗೆ ಹಾಯುವ ಆ ಉದ್ದಗಲ್ಲನ್ನು ಕುರಿತು ಕಾನ್ಪುರದ ಐಐಟಿಯ ಭೂಕಂಪ ತಜ್ಞರು ಪ್ರಕಟಿಸಿದ ಸೂಚನೆಯೂ ಉಂಟು: ಎತ್ತರದಲ್ಲಿ ಪ್ರತಿ ೬೦೦ ಮಿಲಿಮೀಟರಿಗೊಂದು, ಉದ್ದದಲ್ಲಿ ೧.೨ ಮೀಟರಿಗೆ ಮೀರದಂತೆ ಒಂದೊಂದು. ಮುತ್ಯಾನ ಅಣ್ಣತಮ್ಮರೂ ಐಐಟಿಯ ಮಿಲಿಮೀಟರೂ ಹೇಳುವುದು ಒಂದೇ ಮಾತನ್ನು. ಆತನಿಗೆ ಕಾರಣ ಗೊತ್ತು, ಲೆಕ್ಕ ಗೊತ್ತಿಲ್ಲ. ನಮ್ಮ ಹುಡುಗನಿಗೆ ಲೆಕ್ಕ ಪರೀಕ್ಷೆಯ ಹಿಂದಿನ ರಾತ್ರಿ ಗೊತ್ತಿತ್ತು, ಕಲ್ಲು ಎಂದೂ ಗೊತ್ತಿರಲಿಲ್ಲ. ಇವರಿಬ್ಬರೂ ಒಂದೇ ಗೋಡೆಯ ಎರಡು ಮೈಗಳು. ನಡುವೆ ಹಾಯಬೇಕಾದ ಉದ್ದಗಲ್ಲೇ ನಮ್ಮ ಶಿಕ್ಷಣದಲ್ಲಿ ಇಲ್ಲ. ಗೋಡೆ ಸೀಳಿದರೆ ಆಶ್ಚರ್ಯವೇನು?

ಈಗ ಎರಡನೆಯ ಪಕ್ಷದ ಮಾತಿಗೆ ಬರೋಣ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಳಿಕ ‘ಭಾರತೀಯ ಜ್ಞಾನ ಪರಂಪರೆ’ ಎಂಬ ಮಾತು ವಿದ್ಯಾಲಯಗಳಲ್ಲಿ ಬಹಳವಾಗಿ ಕೇಳಿಬರುತ್ತಿದೆ. ಕೇಂದ್ರ ಶಿಕ್ಷಣ ಮಂತ್ರಾಲಯ ಅದಕ್ಕಾಗಿ ಒಂದು ವಿಭಾಗವನ್ನೇ ತೆರೆದಿದೆ. ಒಳ್ಳೆಯದು. ಆದರೆ ಆ ಜ್ಞಾನವನ್ನು ತರಗತಿಗೆ ತರುವ ಬಗೆ ನೋಡಿ: ಮತ್ತೊಂದು ಪುಸ್ತಕ, ಮತ್ತೊಂದು ಉಪನ್ಯಾಸ, ಮತ್ತೊಂದು ಪ್ರಶ್ನಪತ್ರಿಕೆ. ‘ಮಯಮತ’ದ ಅಧ್ಯಾಯಗಳೆಷ್ಟು, ‘ಮಾನಸಾರ’ದ ಮಾನಗಳಾವುವು ಎಂದು ಬಾಯಿಪಾಠ ಮಾಡಿಸಿದರೆ ಪರಂಪರೆ ಬಂದುಬಿಟ್ಟಿತೆ? ಇನ್ನು ಕೆಲವೆಡೆ, ಬಾಗಿಲು ಯಾವ ದಿಕ್ಕಿಗಿದ್ದರೆ ಲಕ್ಷ್ಮಿ ಬರುತ್ತಾಳೆ, ಒಲೆ ಯಾವ ಮೂಲೆಗಿದ್ದರೆ ಓಡಿಹೋಗುತ್ತಾಳೆ ಎಂಬ ಪೇಟೆಯ ಜೋಯಿಸಿಕೆಯೇ ಶಾಸ್ತ್ರದ ಪೋಷಾಕು ತೊಟ್ಟು ಒಳಗೆ ಬರುವ ಹವಣಿಕೆಯಲ್ಲಿದೆ. ಅದಕ್ಕಿಂತ ಪರಂಪರೆಯನ್ನು ಪೂರಾ ಮರೆಯುವುದೇ ಲೇಸು.

ಶಾಸ್ತ್ರವನ್ನೇ ಪ್ರಮಾಣವೆನ್ನುವವರು ಶಾಸ್ತ್ರ ಏನು ಹೇಳುತ್ತದೆಂದು ಕೇಳಲಿ. ಭೋಜರಾಜನ ಹೆಸರಿನಲ್ಲಿರುವ ಹನ್ನೊಂದನೆಯ ಶತಮಾನದ ‘ಸಮರಾಂಗಣ ಸೂತ್ರಧಾರ’ ಸ್ಥಪತಿಗೆ ಶಾಸ್ತ್ರ, ಕರ್ಮ, ಪ್ರಜ್ಞೆ, ಶೀಲ ಈ ನಾಲ್ಕೂ ಇರಬೇಕೆನ್ನುತ್ತದೆ. ಶಾಸ್ತ್ರ ಬಲ್ಲವನಿಗೆ ಕೈಕೆಲಸ ಬಾರದಿದ್ದರೆ ಅವನನ್ನು ಅದು ಒಪ್ಪುವುದಿಲ್ಲ. ಕೈಕೆಲಸ ಬಂದು ಶಾಸ್ತ್ರ ಬಾರದವನನ್ನೂ ಒಪ್ಪುವುದಿಲ್ಲ. ಅದಕ್ಕಿಂತ ಸಾವಿರ ವರ್ಷ ಮೊದಲು ರೋಮಿನ ವಿಟ್ರೂವಿಯಸ್ ಹೇಳಿದ್ದೂ ಇದೇ ಸಾರ. ೧೯೧೯ರಲ್ಲಿ ಜರ್ಮನಿಯ ವೈಮಾರಿನಲ್ಲಿ ಗ್ರೋಪಿಯಸ್ ‘ಬೌಹೌಸ್’ ಶಾಲೆ ತೆರೆದಾಗ, ಕಲಾವಿದನ ಜೊತೆಗೆ ಕಸಬುದಾರನನ್ನೂ ಗುರುವಾಗಿ ನಿಲ್ಲಿಸಿ, ವಿದ್ಯಾರ್ಥಿಗಳನ್ನು ಕಾರ್ಯಾಗಾರಕ್ಕೆ ಇಳಿಸಿದ. ನಮ್ಮ ಕಾಲೇಜುಗಳು ಬೌಹೌಸಿನ ಇತಿಹಾಸವನ್ನು ಕಲಿಸುತ್ತವೆ, ಪರೀಕ್ಷೆಯಲ್ಲಿ ಕೇಳುತ್ತವೆ, ಅದರಂತೆ ನಡೆಯುವುದಿಲ್ಲ.

ಈ ನೆಲದಲ್ಲೇ ಎಂಟನೆಯ ಶತಮಾನದ ಪಟ್ಟದಕಲ್ಲಿನ ಶಾಸನಗಳು ಕಟ್ಟಿದ ಆಚಾರಿಗಳ ಹೆಸರನ್ನೂ ಬಿರುದನ್ನೂ ಕಲ್ಲಿನಲ್ಲಿ ಕೆತ್ತಿ ಉಳಿಸಿವೆ. ಕಲಬುರಗಿಯ ಕೋಟೆಯಲ್ಲಿ ೧೩೬೭ರ ಜಾಮಿ ಮಸೀದಿ ಇದೆ. ಉದ್ದ ೨೧೬ ಅಡಿ, ಅಗಲ ೧೭೬ ಅಡಿ. ತೆರೆದ ಅಂಗಳವೇ ಇಲ್ಲದೆ ಇಡಿಯಾಗಿ ಸೂರು ಹೊದೆದು, ನೆಲಕ್ಕೆ ಬಾಗಿದ ಅಗಲ ಕಮಾನುಗಳ ಮೇಲೆ ನಿಂತಿದೆ. ಕಮಾನು ಭಾರವನ್ನು ಹೇಗೆ ಪಕ್ಕಕ್ಕೆ ಒಯ್ಯುತ್ತದೆಂದು ಅಲ್ಲಿ ನಿಂತು ಕೈಯಿಂದ ಮುಟ್ಟಿ ಕಲಿಯಬಹುದು. ೧೯೫೮ರಿಂದ ಇಂಜಿನಿಯರಿಂಗ್ ಕಾಲೇಜು ಉಳ್ಳ ಊರು ಕಲಬುರಗಿ. ಆದರೂ ನಾನು ಕಂಡ ಹುಡುಗರು ಕಮಾನನ್ನು ಕಂಡಿದ್ದು ಛಾಯಾಚಿತ್ರ ತೆಗೆಯಲಿಕ್ಕೆ. ನಾಲ್ಕು ಇಟ್ಟಿಗೆಯ ಒಂದು ಕಮಾನನ್ನು ಕಟ್ಟಿ, ಒತ್ತುಗಟ್ಟು ತೆಗೆದು, ಅದು ನಿಂತಾಗ ಎದೆ ಹಗುರಾಗುವ ಸುಖವನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ.

ಏಕೆ ಕೊಡಲಿಲ್ಲ? ಸಮಯವಿಲ್ಲ, ಹಣವಿಲ್ಲ ಎನ್ನುತ್ತಾರೆ. ಐದು ವರ್ಷ, ಹತ್ತು ಸೆಮಿಸ್ಟರುಗಳ ಕೋರ್ಸಿನಲ್ಲಿ ಸಮಯವಿಲ್ಲವೆ? ನಿಜವಾದ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಲ್ಲು ಒಡೆಯುವವನು ವಡ್ಡರವನು, ಗೋಡೆ ಏರಿಸುವವನು ಉಪ್ಪಾರನೋ ಮುಸಲ್ಮಾನ ಗೌಂಡಿಯೋ, ಮರ ಕೊರೆಯುವವನು ಬಡಿಗ. ಅವರ ಕೈಯಲ್ಲಿದ್ದುದು ‘ಕೂಲಿ’. ನಮ್ಮ ತಲೆಯಲ್ಲಿದ್ದುದು ‘ವಿದ್ಯೆ’. ಕೈ ಕೆಸರಾದರೆ ಬಾಯಿ ಮೊಸರು ಎಂದು ಗಾದೆ ಹೇಳುತ್ತೇವೆ. ಕೆಸರಾದ ಕೈ ಯಾರದು, ಮೊಸರು ತಿಂದ ಬಾಯಿ ಯಾರದು ಎಂಬುದನ್ನು ಮಾತ್ರ ಹೇಳುವುದಿಲ್ಲ. ಕಾಯಕಕ್ಕೆ ಕೈಲಾಸದ ಬೆಲೆ ಕಟ್ಟಿದ ಶರಣರ ನಾಡು ಇದು. ಇಲ್ಲಿಯೇ ಕರಣೆ ಹಿಡಿದವನು ಕಾಲೇಜಿನ ಮೆಟ್ಟಿಲನ್ನು ಕಟ್ಟಬಹುದು, ಹತ್ತುವಂತಿಲ್ಲ.

‘ವಾಸ್ತುಶಿಲ್ಪಿ ಗೌಂಡಿಯಾಗಬೇಕಿಲ್ಲ’ ಎಂದು ಮಿತ್ರರೊಬ್ಬರು ನನ್ನನ್ನು ಗದರಿಸಿದ್ದುಂಟು. ಸರಿಯೇ. ಆದರೆ ವೈದ್ಯಕೀಯ ಕಲಿಯುವ ಹುಡುಗಿ ಮೊದಲನೆಯ ವರ್ಷವೇ ಹೆಣವನ್ನು ಮುಟ್ಟುತ್ತಾಳೆ. ಪುಸ್ತಕದ ಚಿತ್ರ ಸಾಕೆಂದು ಯಾರೂ ಹೇಳುವುದಿಲ್ಲ. ಮನೆ ಕಟ್ಟಿಸುವವನು ಗೋಡೆಯ ಹೊಟ್ಟೆಯನ್ನು ಒಮ್ಮೆಯೂ ಕಾಣದೆ ಪದವಿ ಪಡೆಯಬಹುದೆ? ೨೦೨೦ರ ನೀತಿಯಲ್ಲಿ ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ, ಪಾಟೀಚೀಲ ಬಿಟ್ಟು ಹತ್ತು ದಿನ ಊರಿನ ಬಡಿಗ, ಕುಂಬಾರರ ಬಳಿ ಕಲಿಯುವ ಏರ್ಪಾಡನ್ನು ಹೇಳಿದೆ. ಎಳೆಯ ಮಕ್ಕಳಿಗೆ ಹತ್ತು ದಿನ ಬೇಕಾದರೆ, ಸಾವಿರಾರು ಜನರ ತಲೆಯ ಮೇಲೆ ಸೂರು ಹೊದಿಸುವವರಿಗೆ ಎಷ್ಟು ದಿನ ಬೇಕು?

‘ಜನಕ್ಕೆ ಬೇಕಾದದ್ದು ಕಾಂಕ್ರೀಟು’ ಎಂಬುದು ಮತ್ತೊಂದು ಆಕ್ಷೇಪ. ಇದನ್ನು ನಾನು ಹಗುರಾಗಿ ಕಾಣುವುದಿಲ್ಲ. ಮಾಳಿಗೆಯ ಮನೆಗೆ ವರ್ಷವರ್ಷವೂ ಮಣ್ಣು ಹೊರಬೇಕು, ಗೋಡೆ ಸಾರಿಸಬೇಕು. ಆ ದುಡಿತವೆಲ್ಲ ಹೆಣ್ಣುಮಕ್ಕಳ ಬೆನ್ನಿಗೆ. ೨೦೨೦ರ ಅಕ್ಟೋಬರದಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಗಳ ಹಳ್ಳಿಗಳಿಗೆ ನುಗ್ಗಿದಾಗ ಮಣ್ಣಿನ ಗೋಡೆಗಳು ಕರಗಿದುವು. ಮರದ ಬೆಲೆ ಬಡವನ ಕೈಗೆ ಎಟುಕುವಂತಿಲ್ಲ. ಆದ್ದರಿಂದ ಎಲ್ಲರೂ ಅಜ್ಜನ ಮನೆಗೆ ಮರಳಿರಿ ಎಂದು ನಾನು ಹೇಳುತ್ತಿಲ್ಲ. ನಗರದಲ್ಲಿ ತಂಪುಗಾಳಿಯ ಯಂತ್ರದಡಿ ಕುಳಿತು ಹಳ್ಳಿಯವರಿಗೆ ಮಣ್ಣಿನ ಮನೆ ಬೋಧಿಸುವುದು ನಿರ್ಲಜ್ಜೆ. ಆದರೆ ಕಾಂಕ್ರೀಟೆಂಬುದು ತಾಯತವಲ್ಲ. ೨೦೦೧ರ ಕಚ್ಛ ಭೂಕಂಪದಲ್ಲಿ, ಇನ್ನೂರು ಕಿಲೋಮೀಟರಿಗೂ ಆಚೆಯ ಅಹಮದಾಬಾದಿನಲ್ಲಿ ಕಾಂಕ್ರೀಟಿನ ಬಹುಮಹಡಿ ಕಟ್ಟಡಗಳು ಕುಸಿದುವು. ಕಚ್ಛದ ‘ಭುಂಗಾ’ ಎಂಬ ದುಂಡುಗುಡಿಸಲುಗಳು ಬಹುಮಟ್ಟಿಗೆ ನಿಂತುವು. ವಸ್ತು ಯಾವುದಾದರೇನು, ಅದನ್ನು ಬಲ್ಲ ಕೈ ಬೇಕು.

ಮಾರ್ಗ ಇಲ್ಲದಿಲ್ಲ. ೧೯೭೪ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರದಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು, ಮಣ್ಣಿಗೆ ತುಸು ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದ ಗಟ್ಟಿ ಇಟ್ಟಿಗೆ ತೆಗೆಯುವ ಕ್ರಮವನ್ನು ಬೆಳೆಸಿದರು. ಕೇರಳದಲ್ಲಿ ಲಾರಿ ಬೇಕರ್ ಕಟ್ಟಡದ ಜಾಗದಲ್ಲಿಯೇ ನಿಂತು ಗೌಂಡಿಗಳೊಡನೆ ಯೋಚಿಸಿ ಕಟ್ಟಿದರು. ಕಚ್ಛದಲ್ಲಿ ಭೂಕಂಪದ ಬಳಿಕ ‘ಹುನ್ನರಶಾಲಾ’ ಕುಶಲಕರ್ಮಿಗಳನ್ನೇ ಗುರುಗಳಾಗಿಸಿತು. ಇವರಾರೂ ಪರಂಪರೆಗೆ ಆರತಿ ಎತ್ತಲಿಲ್ಲ. ಅದನ್ನು ಪರೀಕ್ಷಿಸಿದರು, ತಿದ್ದಿದರು, ಮುಂದಕ್ಕೆ ನಡೆಸಿದರು. ಅದೇ ಪರಂಪರೆಗೆ ತೋರಬಹುದಾದ ನಿಜವಾದ ಗೌರವ.

ನಾನು ಕೇಳುವುದು ದೊಡ್ಡದೇನಲ್ಲ. ಮೊದಲನೆಯ ವರ್ಷದ ಒಂದು ಸೆಮಿಸ್ಟರನ್ನು ವಿದ್ಯಾರ್ಥಿಗಳು ಇಂಥ ತಾಲ್ಲೂಕಿನ ಹಳ್ಳಿಯಲ್ಲಿ ಕಳೆಯಲಿ. ಒಂದು ಹಳೆಯ ಮನೆಯನ್ನು ಅಳೆದು ಬರೆಯಲಿ. ಮಧ್ಯಾಹ್ನ ಮಾಳಿಗೆಯ ಕೆಳಗೂ ಕಾಂಕ್ರೀಟಿನ ಕೆಳಗೂ ಉಷ್ಣಮಾಪಕ ತೂಗಿ ನೋಡಲಿ. ಬಿದ್ದ ಗೋಡೆಯೊಂದನ್ನು ಹುಡುಕಿ, ಅದು ಏಕೆ ಬಿತ್ತೆಂದು ವರದಿ ಮಾಡಲಿ. ಎದೆಯೆತ್ತರದ ಒಂದು ಗೋಡೆಯನ್ನು ತಮ್ಮ ಕೈಯಿಂದಲೇ ಕಟ್ಟಲಿ. ತೂಗುಗುಂಡು ಬಿಟ್ಟು ನೋಡಿ, ವಾಲಿದ್ದರೆ ಕೆಡವಿ ಮತ್ತೆ ಕಟ್ಟಲಿ. ಕಲಿಸಿದ ಗೌಂಡಿಗೆ ಉಪನ್ಯಾಸಕರಿಗೆ ಕೊಡುವಷ್ಟೇ ಸಂಭಾವನೆ ಸಿಗಲಿ, ಅಂಕಪಟ್ಟಿಯ ಮೇಲೆ ಆತನ ಸಹಿಯೂ ಇರಲಿ; ಸಹಿ ಬಾರದಿದ್ದರೆ ಹೆಬ್ಬೆಟ್ಟಾದರೂ ಸರಿ. ಪ್ರತಿಯಾಗಿ ಕಾಲೇಜು ಆ ಗೌಂಡಿಗಳಿಗೆ ಉದ್ದಗಲ್ಲಿನ ಲೆಕ್ಕವನ್ನು, ಗೋಡೆಗೆ ಬಿಗಿಯುವ ಕಾಂಕ್ರೀಟು ಪಟ್ಟಿಯ ಕ್ರಮವನ್ನು ಕನ್ನಡದಲ್ಲಿಯೂ ಉರ್ದುವಿನಲ್ಲಿಯೂ ತಿಳಿಸಿ ಕೊಡಲಿ. ವಿದ್ಯೆಯೆಲ್ಲ ಇಂಗ್ಲಿಷಿನಲ್ಲಿ, ಕೆಲಸವೆಲ್ಲ ಕನ್ನಡದಲ್ಲಿ ಎಂಬ ಈಗಿನ ಏರ್ಪಾಡಿನಲ್ಲಿ ಇಬ್ಬರೂ ಅರ್ಧ ಮೂಕರು.

ಇದಕ್ಕೆ ಅವಸರವೇಕೆಂದು ಕೇಳಬಹುದು. ೨೦೨೧ರ ಅಕ್ಟೋಬರದಲ್ಲಿ ಇದೇ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಸುತ್ತ ನೆಲ ಮತ್ತೆ ಮತ್ತೆ ನಡುಗಿತು. ಜನ ಮನೆಗೆ ಹೆದರಿ ಬಯಲಲ್ಲಿ ಮಲಗಿದರು. ನಡುಕ ಸಣ್ಣದಿತ್ತು, ಬದುಕಿದೆವು. ಭೂಮಿ ನಮ್ಮ ಪಠ್ಯಕ್ರಮ ಸಮಿತಿಯ ಸಭೆಗಾಗಿ ಕಾಯುವುದಿಲ್ಲ. ಇನ್ನೊಂದು ಕಡೆ, ಉದ್ದಗಲ್ಲಿನ ಮರ್ಮ ಬಲ್ಲವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರ ಮಕ್ಕಳು ಪುಣೆಯಲ್ಲಿ, ಮುಂಬಯಿಯಲ್ಲಿ ಕಬ್ಬಿಣ ಕಟ್ಟುತ್ತಿದ್ದಾರೆ.

ಆ ದಿನ ವಾಡೆಯ ಮುಂದೆ ಹೊರಡುವಾಗ, ‘ಮುತ್ಯಾ, ಕಾಲೇಜಿನ ಹುಡುಗರನ್ನು ಕಳಿಸಿದರೆ ಕಲಿಸುವೆಯಾ?’ ಎಂದು ಕೇಳಿದ್ದೆ. ಆತ ಕೈಗೆ ಅಂಟಿದ ಮಣ್ಣನ್ನು ಧೋತರಕ್ಕೆ ಒರೆಸಿಕೊಂಡು, ‘ಕಳಸ್ರಿ ಸಾಹೇಬ್ರ. ಆದ್ರ ಜಲ್ದಿ ಕಳಸ್ರಿ’ ಎಂದ.

ನಾನು ಇನ್ನೂ ಯಾರನ್ನೂ ಕಳುಹಿಸಲಾಗಿಲ್ಲ. ಆ ಅಧಿಕಾರ ಇರುವವರು ಈ ಪುಟಗಳನ್ನು ಓದುವುದುಂಟೆಂದು ಕೇಳಿದ್ದೇನೆ, ಆದ್ದರಿಂದ ಬರೆದೆ.